ಹೃದಯ ಬಡಿತದ ಪುಟ್ಟ ಬಾಗಿಲು: ಏನಿದು ಅಯಾನ್ ಚಾನೆಲ್?

ಮೈದಾನದಲ್ಲಿ ಓಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಾನೆ. ಸ್ವಲ್ಪ ಹೊತ್ತಲ್ಲಿ ತಾನೇ ಎದ್ದು ಕೂರುತ್ತಾನೆ. "ಬಿಸಿಲಿಗೆ ತಲೆ ತಿರುಗಿದ್ದು" ಅಂತ ಮನೆಯವರು ಸಮಾಧಾನ ಪಡುತ್ತಾರೆ. ಅದು ನಿಜವೂ ಇರಬಹುದು. ಆದರೆ ಕೆಲವೊಮ್ಮೆ ಕಾರಣ ಬೇರೆಯೇ ಇರುತ್ತದೆ: ಹೃದಯದ ಜೀವಕೋಶದಲ್ಲಿರುವ, ಕಣ್ಣಿಗೆ ಕಾಣದ ಒಂದು ಪ್ರೋಟೀನ್ ಬಾಗಿಲಿನ ದೋಷ. ಆ ಬಾಗಿಲೇ ಅಯಾನ್ ಚಾನೆಲ್.

ಬಾಗಿಲಿನ ರಚನೆ

ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆಯಿದೆ. ಸೋಡಿಯಂ, ಪೊಟ್ಯಾಶಿಯಂ, ಕ್ಯಾಲ್ಸಿಯಂಗಳ ವಿದ್ಯುದಾವೇಶವಿರುವ ಕಣಗಳಿಗೆ ಅಯಾನು ಎನ್ನುತ್ತಾರೆ. ಇವು ಕೊಬ್ಬಿನ ಪೊರೆಯನ್ನು ತಾವಾಗಿ ದಾಟಲಾರವು. ಅದಕ್ಕೆ ಪೊರೆಯೊಳಗೆ ಕೂತಿರುವ ಪ್ರೋಟೀನ್ ಸುರಂಗ ಬೇಕು.

ಪೊಟ್ಯಾಶಿಯಂ ಚಾನೆಲ್‌ನಲ್ಲಿ ನಾಲ್ಕು ಪ್ರೋಟೀನ್ ಭಾಗಗಳು ಸೇರಿ ನಡುವೆ ಒಂದು ರಂಧ್ರವಾಗುತ್ತದೆ. ಸೆಕೆಂಡಿಗೆ 10 ಕೋಟಿಯಷ್ಟು ಪೊಟ್ಯಾಶಿಯಂ ಅಯಾನುಗಳು ಇದರಲ್ಲಿ ದಾಟಬಲ್ಲವು. ಅದಕ್ಕಿಂತ ಚಿಕ್ಕದಾದ ಸೋಡಿಯಂ ಮಾತ್ರ ದಾಟೋದಿಲ್ಲ! ಯಾಕೆ? ಅಯಾನಿನ ಸುತ್ತ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಇಕ್ಕಟ್ಟಾದ ರಂಧ್ರಕ್ಕೆ ನುಗ್ಗಬೇಕಾದರೆ ಅವನ್ನು ಕಳಚಬೇಕು. ರಂಧ್ರದ ಗೋಡೆಯಲ್ಲಿರುವ ಆಕ್ಸಿಜನ್ ಪರಮಾಣುಗಳು ಪೊಟ್ಯಾಶಿಯಂನ ಅಳತೆಗೆ ಸರಿಯಾಗಿ ಹೊಂದಿ, ನೀರಿನ ಜಾಗ ತುಂಬುತ್ತವೆ. ಚಿಕ್ಕ ಸೋಡಿಯಂಗೆ ಆ ಹಿಡಿತ ಸಿಗದು, ಹಾಗಾಗಿ ಅದು ನೀರನ್ನು ಬಿಟ್ಟು ಬರುವುದಿಲ್ಲ. 1998ರಲ್ಲಿ ಬ್ಯಾಕ್ಟೀರಿಯಾವೊಂದರ ಚಾನೆಲ್‌ನ ರಚನೆ ತೋರಿಸಿ ಇದನ್ನು ವಿವರಿಸಿದ ಅಮೆರಿಕದ ರೊಡೆರಿಕ್ ಮೆಕಿನನ್‌ಗೆ 2003ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಬಡಿತದಲ್ಲಿ ಇದರ ಕೆಲಸ

ಹೃದಯದ ಸ್ನಾಯುವಿನಲ್ಲಿ ಮೊದಲು ಸೋಡಿಯಂ ಒಳನುಗ್ಗುತ್ತದೆ. ಆಮೇಲೆ ಕ್ಯಾಲ್ಸಿಯಂ ಬಂದು ಸ್ನಾಯು ಸಂಕುಚಿಸುತ್ತದೆ. ಕೊನೆಗೆ ಪೊಟ್ಯಾಶಿಯಂ ಹೊರಹೋಗಿ ಜೀವಕೋಶ ಮುಂದಿನ ಬಡಿತಕ್ಕೆ ತಯಾರಾಗುತ್ತದೆ. ಈ ಕೊನೆಯ ಹಂತ ತಡವಾದರೆ ಬಡಿತದ ಲಯವೇ ತಪ್ಪಬಹುದು. ಇದಕ್ಕೆ 'ಲಾಂಗ್ ಕ್ಯೂಟಿ ಸಿಂಡ್ರೋಮ್' ಎಂದು ಹೆಸರು. ಓಟ, ಈಜು, ಗಾಬರಿ, ಕೆಲವರಲ್ಲಿ ಅಲಾರಂನ ಸದ್ದು ಕೂಡ ಇದನ್ನು ಕೆರಳಿಸುತ್ತದೆ. ಬಿದ್ದಾಗ ಮೈ ನಡುಗುವುದರಿಂದ ಫಿಟ್ಸ್ ಎಂದು ತಪ್ಪು ತಿಳಿಯುವುದೂ ಉಂಟು.

ಇದರ ಒಂದು ಅಪರೂಪದ ರೂಪದಲ್ಲಿ ಹುಟ್ಟುಕಿವುಡೂ ಇರುತ್ತದೆ. 1957ರಲ್ಲಿ ನಾರ್ವೆಯ ವೈದ್ಯರಾದ ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಇದನ್ನು ಒಂದೇ ಕುಟುಂಬದ ಮಕ್ಕಳಲ್ಲಿ ಗುರುತಿಸಿದರು. ಕಿವಿಯ ಒಳಭಾಗಕ್ಕೂ ಅದೇ ಪೊಟ್ಯಾಶಿಯಂ ಚಾನೆಲ್ ಬೇಕು. ದೋಷವಿರುವ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಈ ರೂಪ ಕಾಣಿಸುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದರ ಸಾಧ್ಯತೆ ಹೆಚ್ಚು.

ಏನು ಮಾಡಬೇಕು?

ಆಟವಾಡುವಾಗ ಅಥವಾ ಗಾಬರಿಯಾದಾಗ ಪ್ರಜ್ಞೆ ತಪ್ಪಿದರೆ, ಹುಟ್ಟುಕಿವುಡಿರುವ ಮಗು ಹೀಗೆ ಬಿದ್ದರೆ, ಮನೆಯಲ್ಲಿ ಎಳೆಯ ವಯಸ್ಸಿನವರು ಹಠಾತ್ತಾಗಿ ತೀರಿಕೊಂಡಿದ್ದರೆ, ಹೃದಯ ತಜ್ಞರನ್ನು ಕಂಡು ಇಸಿಜಿ ಮಾಡಿಸಿ. ಒಂದೇ ಇಸಿಜಿಯಲ್ಲಿ ದೋಷ ಕಾಣದೆಯೂ ಇರಬಹುದು, ಆದ್ದರಿಂದ ಬಿದ್ದ ಸಂದರ್ಭವನ್ನು ವೈದ್ಯರಿಗೆ ವಿವರವಾಗಿ ಹೇಳಿ. ಕಾಯಿಲೆ ಖಚಿತವಾದರೆ ಒಡಹುಟ್ಟಿದವರಿಗೂ ಪರೀಕ್ಷೆ ಬೇಕು. ಕೆಲವು ಆಂಟಿಬಯೋಟಿಕ್‌ಗಳೂ ಇದೇ ಚಾನೆಲ್‌ಗಳಿಗೆ ಅಡ್ಡಿಮಾಡುವುದರಿಂದ, ಇಂಥವರು ಮೆಡಿಕಲ್‌ನಿಂದ ತಾವಾಗಿ ಮಾತ್ರೆ ತಗೊಳ್ಳಬಾರದು.

ಇದಕ್ಕೆ ಚಿಕಿತ್ಸೆ ಇದೆ. ಬೀಟಾ ಬ್ಲಾಕರ್ ಮಾತ್ರೆಯಿಂದ ಅನೇಕರ ಬಡಿತ ಹಿಡಿತದಲ್ಲಿರುತ್ತದೆ. ಮೊದಲು, ಬಿದ್ದದ್ದು ಯಾಕೆ ಎಂದು ಕೇಳಬೇಕು, ಅಷ್ಟೇ.