ಗೋದಾಮಿನ ಕಂಬಗಳು ಮತ್ತು ಅವುಗಳ ದುರಸ್ತಿ

ನಾವು ಅಂಗಡಿಯಲ್ಲಿ ಕೊಳ್ಳುವ ಸಾಬೂನು, ಬಿಸ್ಕತ್ತು, ಔಷಧಿಗಳು ಕಾರ್ಖಾನೆಯಿಂದ ನೇರವಾಗಿ ಅಂಗಡಿಗೆ ಬರುವುದು ಅಪೂರ್ವ. ನಡುವೆ ಅವು ಯಾವುದಾದರೊಂದು ಗೋದಾಮಿನಲ್ಲಿ ಕೆಲವು ದಿನ ತಂಗಿರುತ್ತವೆ. ತುಮಕೂರು ರಸ್ತೆಯಲ್ಲಿ ನೆಲಮಂಗಲವನ್ನು ದಾಟುವವರು ತಗಡಿನ ಛಾವಣಿಯ ಅಂತಹ ವಿಶಾಲ ಕಟ್ಟಡಗಳನ್ನು ಕಂಡಿರಬಹುದು. ಅವುಗಳಲ್ಲೊಂದರಲ್ಲಿ ನನ್ನ ಅಣ್ಣ ಫೋರ್ಕ್‌ಲಿಫ್ಟ್ ಗಾಡಿಯ ಚಾಲಕ. ಅವನ ದುಡಿಮೆಯಿಂದಲೇ ನಮ್ಮ ಮನೆತನದಲ್ಲಿ ಮೊದಲನೆಯವನಾಗಿ ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದೇನೆ. ಬಿ.ಎ. ವಿದ್ಯಾರ್ಥಿಗೆ ಕಬ್ಬಿಣದ ಕಂಬಗಳ ಗೊಡವೆ ಏಕೆಂದು ಕೇಳುವವರಿಗೆ ಇಷ್ಟು ಉತ್ತರ ಸಾಕೆಂದು ಭಾವಿಸುತ್ತೇನೆ.

ಗೋದಾಮಿನ ರ್‍ಯಾಕು ಎಂಬುದು ನಮ್ಮ ಹಳೆಯ ಅಂಕಣದ ಮನೆಯ ಹಾಗೆಯೇ. ಹಿಂದೊಂದು ಮುಂದೊಂದು ಕಂಬ ನಿಲ್ಲಿಸಿ, ಅವನ್ನು ಓರೆಪಟ್ಟಿಗಳಿಂದ ಜೋಡಿಸಿ ಒಂದು ಚೌಕಟ್ಟು ಮಾಡುತ್ತಾರೆ. ಎರಡು ಚೌಕಟ್ಟುಗಳ ನಡುವೆ ಅಡ್ಡತೊಲೆಗಳನ್ನು ಸಿಕ್ಕಿಸಿದರೆ ಒಂದು ಅಂಕಣವಾಯಿತು. ತೊಲೆಗಳ ಮೇಲೆ ಪ್ಯಾಲೆಟ್ ಎಂಬ ಮರದ ಹಲಗೆಮಣೆಗಳು. ಅವುಗಳ ಮೇಲೆ ಸರಕು. ಒಂದು ಅಂಕಣದಲ್ಲಿ ನಾಲ್ಕು ಅಂತಸ್ತು, ಅಂತಸ್ತಿಗೆ ಒಂದೊಂದು ಟನ್ನಿನ ಎರಡು ಪ್ಯಾಲೆಟ್ ಎಂದು ಇಟ್ಟುಕೊಳ್ಳೋಣ. ಒಟ್ಟು ೮ ಟನ್ನು. ನಡುವಿನ ಚೌಕಟ್ಟು ಎಡದ ಅಂಕಣದ ಅರ್ಧವನ್ನೂ ಬಲದ ಅಂಕಣದ ಅರ್ಧವನ್ನೂ ಹೊರುವುದರಿಂದ ಅದರ ಪಾಲಿಗೂ ೮ ಟನ್ನು. ಕಂಬವೊಂದಕ್ಕೆ ೪ ಟನ್ನು.

ಇಷ್ಟನ್ನು ಹೊರುವ ಕಂಬ ಗಟ್ಟಿ ಕಬ್ಬಿಣದ್ದಲ್ಲ. ಸಾಮಾನ್ಯವಾಗಿ ಎರಡು ಮಿಲಿಮೀಟರ್ ಆಸುಪಾಸಿನ ಉಕ್ಕಿನ ತಗಡನ್ನು ಕಾಯಿಸದೆಯೇ ಮಡಿಸಿ ಮಾಡಿದ್ದು. ಅದರ ಶಕ್ತಿಯೆಲ್ಲ ಆ ಮಡಿಕೆಯಲ್ಲಿ ಮತ್ತು ನೆಟ್ಟಗೆ ನಿಲ್ಲುವುದರಲ್ಲಿದೆ. ಖಾಲಿ ಹಾಲುಪುಡಿಯ ಡಬ್ಬಿ ನೆಟ್ಟಗಿರುವಾಗ ಮೇಲಿನಿಂದ ಬಹಳ ಭಾರ ತಾಳುತ್ತದೆ. ಪಕ್ಕದಲ್ಲಿ ಒಂದು ನೆಗ್ಗು ಬಿದ್ದರೆ ಅದೇ ಭಾರಕ್ಕೆ ಕುಸಿಯುತ್ತದೆ. ಕಂಬದ ಸ್ಥಿತಿಯೂ ಹಾಗೆಯೇ. ತೆಳ್ಳನೆಯ ಕಂಬ ಜಜ್ಜಿಹೋಗುವ ಮೊದಲೇ ಬಾಗಿ ಸೋಲುವುದೆಂದು ಗಣಿತಜ್ಞ ಆಯ್ಲರ್ ೧೭೪೪ರಲ್ಲಿಯೇ ತೋರಿಸಿಕೊಟ್ಟನು. ಆಸರೆಯಿಲ್ಲದ ಉದ್ದ ಇಮ್ಮಡಿಯಾದರೆ, ಅವನ ಲೆಕ್ಕದಂತೆ, ತಾಳುವ ಭಾರ ನಾಲ್ಕನೆಯ ಒಂದು ಪಾಲಿಗಿಳಿಯುತ್ತದೆ. ಜಾಗಕ್ಕಾಗಿ ಕೆಳಗಿನ ತೊಲೆಯನ್ನು ಬಿಚ್ಚಿ ಮೇಲಕ್ಕೆ ಸಿಕ್ಕಿಸುವವರು ಇದನ್ನು ಮರೆಯಬಾರದು.

ಗಾಡಿಯ ಪೆಟ್ಟು ಬೀಳುವುದು ಸಾಮಾನ್ಯವಾಗಿ ಕಂಬದ ಬುಡಕ್ಕೆ. ಭಾರ ಅತ್ಯಧಿಕವಾಗಿರುವುದೂ ಅಲ್ಲಿಯೇ. ತೊಲೆಗಳು ಒಂದಕ್ಕೊಂದು ಹೆಣೆದಿರುವುದರಿಂದ ಒಂದು ಕಂಬ ಕುಸಿದರೆ ಪಕ್ಕದ್ದನ್ನೂ ಎಳೆಯಬಲ್ಲದು. ೨೦೧೬ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಿನ್‌ಸ್ಟಾಕ್ ಎಂಬಲ್ಲಿ ರ್‍ಯಾಕುಗಳು ಸಾಲಾಗಿ ಕುಸಿದು, ಗಿಣ್ಣಿನ ಪೆಟ್ಟಿಗೆಗಳ ರಾಶಿಯ ಕೆಳಗೆ ಒಬ್ಬ ಚಾಲಕ ಸುಮಾರು ಎಂಟು ಗಂಟೆ ಸಿಲುಕಿದ್ದು ಜೀವಂತವಾಗಿ ಹೊರಬಂದನು. ೨೦೨೦ರ ಅಕ್ಟೋಬರಿನಲ್ಲಿ ಬ್ರೆಜಿಲ್ ದೇಶದ ಸಾವೊ ಲೂಯಿಸ್ ನಗರದ ದೊಡ್ಡ ಮಾರಾಟ ಮಳಿಗೆಯಲ್ಲಿ ಹೀಗೆಯೇ ಆದಾಗ ಒಬ್ಬ ಉದ್ಯೋಗಿ ಪ್ರಾಣ ಬಿಟ್ಟಳು.

ಹಾಗಾದರೆ ಎಷ್ಟು ಬಾಗಿದರೆ ಅಪಾಯ? ಯುರೋಪಿನ ಇ.ಎನ್. ೧೫೬೩೫ ಎಂಬ ಮಾನಕ ಇದಕ್ಕೊಂದು ಸರಳ ಪರೀಕ್ಷೆಯನ್ನು ಹೇಳುತ್ತದೆ. ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನು ಕಂಬ ತಗ್ಗಾಗಿರುವ ಕಡೆಗೆ ಹಿಡಿದು ನಡುವಣ ಸಂದನ್ನು ಅಳೆಯತಕ್ಕದ್ದು. ಕಂಬ ಹಿಂದಕ್ಕೋ ಮುಂದಕ್ಕೋ ಬಾಗಿದ್ದರೆ ೩ ಮಿಲಿಮೀಟರ್, ತೊಲೆಯ ದಿಕ್ಕಿಗೆ ಬಾಗಿದ್ದರೆ ೫, ಓರೆಪಟ್ಟಿಗೆ ೧೦. ಇದರೊಳಗಿದ್ದರೆ ಹಸಿರು, ಕಣ್ಣಿಟ್ಟಿದ್ದರೆ ಸಾಕು. ಮಿತಿ ಮೀರಿ ಅದರ ಇಮ್ಮಡಿಯೊಳಗಿದ್ದರೆ ಹಳದಿ. ಇಳಿಸಿದ ಸರಕಿನ ಜಾಗಕ್ಕೆ ದುರಸ್ತಿಯಾಗುವವರೆಗೆ ಮತ್ತೆ ಸರಕು ಇಡಕೂಡದು, ನಾಲ್ಕು ವಾರದೊಳಗೆ ದುರಸ್ತಿಯಾಗದಿದ್ದರೆ ಅದನ್ನು ಕೆಂಪೆಂದೇ ಎಣಿಸಬೇಕು. ಇಮ್ಮಡಿಯನ್ನೂ ಮೀರಿದ್ದರೆ ಕೆಂಪು; ಆ ಕ್ಷಣವೇ ಭಾರ ಇಳಿಸಬೇಕು. ತಗಡು ಹರಿದಿದ್ದರೆ, ಬಿರುಕು ಬಿಟ್ಟಿದ್ದರೆ ಅಳತೆಯ ಮಾತೇ ಇಲ್ಲ. ಆ ಭಾಗವನ್ನು ಬದಲಾಯಿಸಬೇಕು.

ದುರಸ್ತಿಯೆಂದೊಡನೆ ನಮಗೆ ನೆನಪಾಗುವುದು ಸುತ್ತಿಗೆ ಮತ್ತು ವೆಲ್ಡಿಂಗ್. ಇಲ್ಲಿ ಅವೆರಡೂ ಸಲ್ಲವು. ಬಡಿದು ನೆಟ್ಟಗೆ ಮಾಡಿದ ತಗಡು ಕಣ್ಣಿಗೆ ನೇರವಾಗಿ ಕಂಡರೂ ಮೊದಲಿನ ಮಡಿಕೆ ಹಿಂದಿರುಗುವುದಿಲ್ಲ. ಕಾಯಿಸಿದರೆ, ಮಡಿಸುವಾಗ ಉಕ್ಕಿಗೆ ಬಂದ ಬಿಗಿಯೂ ಕಡಮೆಯಾಗುತ್ತದೆ. ಸರಿಯಾದ ಕ್ರಮವೆಂದರೆ, ಮೊದಲು ಪೆಟ್ಟುಬಿದ್ದ ಚೌಕಟ್ಟಿನ ಎರಡು ಪಕ್ಕದ ಅಂಕಣಗಳನ್ನೂ ಬರಿದುಮಾಡುವುದು. ಅನಂತರ ಅದೇ ತಯಾರಕರ ಅದೇ ಮಾದರಿಯ ಹೊಸ ಚೌಕಟ್ಟನ್ನು ನಿಲ್ಲಿಸಿ, ಪಾದದ ಬೋಲ್ಟು ಬಿಗಿದು, ತೊಲೆಗಳು ಕಳಚದಂತೆ ಅವುಗಳ ಪಿನ್ನುಗಳನ್ನು ಹಾಕುವುದು. ಬುಡ ಮಾತ್ರ ಕೆಟ್ಟಿದ್ದರೆ ಜಾಕಿನ ಆಸರೆ ಕೊಟ್ಟು, ಕೆಟ್ಟ ಭಾಗವನ್ನು ಕತ್ತರಿಸಿ, ಅದಕ್ಕೆಂದೇ ತಯಾರಿಸಿದ ಗಟ್ಟಿ ಕಾಲನ್ನು ಬೋಲ್ಟುಗಳಿಂದ ಜೋಡಿಸುವ ವಿಧಾನವೂ ಉಂಟು. ಆದರೆ ಆ ಕಾಲು ಅದೇ ಕಂಬಕ್ಕೆ ತಕ್ಕುದೆಂದು ಇಂಜಿನಿಯರು ಲೆಕ್ಕ ಹಾಕಿ ಒಪ್ಪಿರಬೇಕು.

ಇಷ್ಟೆಲ್ಲ ತಿಳಿದಿದ್ದರೂ ದುರಸ್ತಿ ಏಕೆ ತಡವಾಗುತ್ತದೆ? ಅಣ್ಣ ದುಡಿಯುವ ಕಡೆ, ಕಂಬಕ್ಕೆ ಗಾಡಿ ತಗುಲಿಸಿದವನ ಸಂಬಳದಲ್ಲಿ ಖರ್ಚನ್ನು ಮುರಿದುಕೊಳ್ಳುವ ಪದ್ಧತಿಯಿದೆ. ಆದುದರಿಂದ ತಗುಲಿಸಿದವನು ಮುಂದೊಂದು ಪ್ಯಾಲೆಟ್ ನಿಲ್ಲಿಸಿ ನೆಗ್ಗನ್ನು ಮರೆಮಾಡುತ್ತಾನೆ. ರಾತ್ರಿ ಪಾಳಿಗೆ ಬಂದವನಿಗೆ ತಾನು ಯಾವುದರ ಕೆಳಗೆ ನಿಂತಿದ್ದೇನೆಂಬುದೇ ಗೊತ್ತಿಲ್ಲ. "ಹೇಳಿದ್ರೆ ಸಂಬಳ ಹೋಗ್ತದೆ, ಹೇಳ್ದಿದ್ರೆ ಯಾರ್ದೋ ಜೀವ ಹೋಗ್ತದೆ ಕಣೋ" ಎಂದು ಅಣ್ಣ ಒಮ್ಮೆ ಊಟಕ್ಕೆ ಕುಳಿತಾಗ ಹೇಳಿದನು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ತೋರುವುದಿಷ್ಟು: ಒಂದು ಕಂಬದ ಬೆಲೆಯನ್ನು ಚಾಲಕನಿಂದ ವಸೂಲು ಮಾಡುವ ಯಜಮಾನನು ಆ ಹಣದಿಂದ ಮೌನವನ್ನು ಕೊಂಡಂತಾಯಿತು, ಅದು ಬಹಳ ದುಬಾರಿಯ ಸರಕು. ಬುಡಕ್ಕೊಂದು ಕಾವಲು ಕಟ್ಟೆ, ಗಾಡಿ ತಿರುಗಲು ಸಾಕಷ್ಟು ಅಗಲದ ದಾರಿ, ವರ್ಷಕ್ಕೊಮ್ಮೆಯಾದರೂ ತಜ್ಞರ ತಪಾಸಣೆ, ಇವು ಬೇಕೇ ಬೇಕು. ಆದರೆ ಎಲ್ಲಕ್ಕಿಂತ ಮೊದಲು, "ಇಲ್ಲಿ ಪೆಟ್ಟಾಗಿದೆ" ಎಂದು ಹೇಳಿದವನಿಗೆ ದಂಡವಿಲ್ಲವೆಂಬ ನಂಬಿಕೆ ಬರಬೇಕು. ಕಂಬದ ದುರಸ್ತಿ ಅಲ್ಲಿಂದಲೇ ಆರಂಭವಾಗತಕ್ಕದ್ದು.