ಕಾಜಾಣ ಕಲಿಸಿದ ಛಾಯಾಗ್ರಹಣ

ಬಂಡೀಪುರದ ಕಾಡಿನಲ್ಲಿ ಒಂದು ಮುಂಜಾನೆ ನಾನು ತೆಗೆದ ಚಿತ್ರವೊಂದು ಇಂದಿಗೂ ನನ್ನ ಮೇಜಿನ ಮೇಲಿದೆ. ಅದರಲ್ಲಿ ಕಾಣುವುದು ಒಂದಿಷ್ಟು ಬಾಗಿದ ಹುಲ್ಲು, ತುಸು ಧೂಳು, ಬೇರೇನೂ ಇಲ್ಲ. ಸೀಳುನಾಯಿಯೊಂದು ದಾರಿಗೆ ಅಡ್ಡಲಾಗಿ ನೆಗೆದುದನ್ನು ನಾನು ಕಣ್ಣಾರೆ ಕಂಡಿದ್ದೆ. ಕೂಡಲೇ ಗುಂಡಿಯನ್ನೂ ಒತ್ತಿದ್ದೆ. ಫಿಲ್ಮು ತೊಳೆಸಿ ನೋಡಿದಾಗ ನಾಯಿ ಅಲ್ಲಿರಲಿಲ್ಲ. ಆಗ ನಾನು ದೂರಿದ್ದು ಕ್ಯಾಮೆರಾವನ್ನು. ದೋಷ ಕ್ಯಾಮೆರಾದ್ದಲ್ಲ, ನನ್ನದೇ ಎಂದು ತಿಳಿಯಲು ಕೆಲವು ವರ್ಷಗಳೇ ಬೇಕಾದವು.

ಒಂದು ಸಣ್ಣ ಲೆಕ್ಕ ನೋಡಿ. ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಓಡುವ ಪ್ರಾಣಿ ಸೆಕೆಂಡಿಗೆ 10 ಮೀಟರು ಸಾಗುತ್ತದೆ. ಕಣ್ಣು ಕಂಡು, ಮನಸ್ಸು ಅರಿತು, ಬೆರಳು ಒತ್ತುವುದಕ್ಕೆ ಸುಮಾರಾಗಿ ಸೆಕೆಂಡಿನ ಐದರಲ್ಲೊಂದು ಪಾಲು ಬೇಕು. ಅಷ್ಟರಲ್ಲಿ ಪ್ರಾಣಿ 2 ಮೀಟರು ಮುಂದೆ ಹೋಗಿರುತ್ತದೆ. ಆದ್ದರಿಂದ ಕಂಡ ಮೇಲೆ ಒತ್ತುವವನು ಎಂದೂ ತಡವಾಗಿಯೇ ಒತ್ತುತ್ತಾನೆ. ಆಗುತ್ತಿರುವುದನ್ನಲ್ಲ, ಆಗಲಿರುವುದನ್ನು ಅವನು ಚಿತ್ರಿಸಬೇಕು. ಚಲನೆಯ ಛಾಯಾಗ್ರಹಣದಲ್ಲಿ ಅಭ್ಯಾಸವೆಂದರೆ ಬೆರಳಿನ ಚುರುಕನ್ನು ಹೆಚ್ಚಿಸುವುದಲ್ಲ. ಮುಂದಾಗುವುದನ್ನು ಊಹಿಸುವ ಕಣ್ಣನ್ನು ಬೆಳೆಸಿಕೊಳ್ಳುವುದು.

ಈ ಪಾಠಕ್ಕೆ ನನಗೆ ದೊರೆತ ಗುರು ಕಾಡಿನ ಹುಲಿಯಲ್ಲ, ಗುಂಡ್ಲುಪೇಟೆಯ ಹೊಲದಂಚಿನ ವಿದ್ಯುತ್ ತಂತಿಯ ಮೇಲೆ ಕೂರುತ್ತಿದ್ದ ಕಾಜಾಣ. ಕಾಜಾಣಕ್ಕೆ ಒಂದು ಒಳ್ಳೆಯ ಗುಣವುಂಟು. ಅದು ತಂತಿಯಿಂದ ಹಾರಿ, ಹುಳುವನ್ನು ಹಿಡಿದು, ಹಲವು ಸಲ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಹೋಗುವಾಗ ತಪ್ಪಿದರೆ ಬರುವಾಗ ಹಿಡಿಯಬಹುದು. ಇಂದು ತಪ್ಪಿದರೆ ನಾಳೆಯೂ ಅದು ಅಲ್ಲಿಯೇ ಇದ್ದೀತು. ಕಲಿಯುವವನಿಗೆ ಇದಕ್ಕಿಂತ ಉದಾರಿಯಾದ ಗುರು ಯಾರು?

ಆಗ ಒಂದು ಸುರುಳಿಯಲ್ಲಿ 36 ಚಿತ್ರಗಳು. ಪ್ರತಿಯೊಂದಕ್ಕೂ ದುಡ್ಡು. ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ಚಿತ್ರದ ಸಂಖ್ಯೆ, ಷಟರಿನ ವೇಗ, ಗಾಳಿಯ ದಿಕ್ಕು ಇಷ್ಟನ್ನೂ ಬರೆದಿಡುತ್ತಿದ್ದೆ. ಫಿಲ್ಮು ತೊಳೆದು ಬಂದ ಮೇಲೆ ಕೆಟ್ಟ ಚಿತ್ರಗಳನ್ನು ಎಸೆಯದೆ, ಒಂದೊಂದನ್ನೂ ಆ ಪುಸ್ತಕದೊಡನೆ ಇಟ್ಟು ಓದುತ್ತಿದ್ದೆ. ಹಕ್ಕಿ ಗಾಳಿಗೆ ಎದುರಾಗಿ ಬಂದು ಇಳಿಯುತ್ತದೆ. ಆದ್ದರಿಂದ ಗಾಳಿ ಎಡದಿಂದ ಬೀಸುತ್ತಿದ್ದರೆ ಅದರ ಮುಖವೂ ಎಡಕ್ಕೆ. ಹಾರುವ ಮುನ್ನ ಮೈ ಕುಗ್ಗಿಸಿ ಮುಂದಕ್ಕೆ ಬಾಗುತ್ತದೆ. ಇವನ್ನೆಲ್ಲ ನನಗೆ ತಿಳಿಸಿದ್ದು ಸೋತ ಚಿತ್ರಗಳೇ. ತಂತಿಯ ಆ ಒಂದು ಜಾಗಕ್ಕೆ ಮೊದಲೇ ಫೋಕಸ್ ಮಾಡಿಟ್ಟು, ಕ್ಯಾಮೆರಾದ ಹೊರಗಿನ ಕಣ್ಣನ್ನೂ ತೆರೆದಿಟ್ಟು ಕಾಯುವುದನ್ನು ಹೀಗೆ ಕಲಿತೆ.

ಈಗ ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾಗಳಿವೆ. ಇಷ್ಟೆಲ್ಲ ಶ್ರಮವೇಕೆ ಎಂದು ನೀವು ಕೇಳಬಹುದು. ತಪ್ಪು ದಿಕ್ಕಿಗೆ ತಿರುಗಿದ ಕ್ಯಾಮೆರಾ 20 ಸಲವೂ ಬರಿಯ ಆಕಾಶವನ್ನೇ ತೆಗೆಯುತ್ತದೆ. ಫಿಲ್ಮಿನ ಕಾಲದಲ್ಲೇ ಹೆಸರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರಿಗೆ ಈ ಸೌಕರ್ಯವಿರಲಿಲ್ಲ. ಬಂಡೀಪುರದ ಸೀಮೆಯ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದ ಕೃಪಾಕರ–ಸೇನಾನಿಯವರ ‘ದ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ವೈಲ್ಡ್‌ಸ್ಕ್ರೀನ್ ಉತ್ಸವದ ಪಾಂಡಾ ಪ್ರಶಸ್ತಿ ಬಂದಾಗ ನಾನು ನೆನೆದದ್ದು ಅವರ ಕ್ಯಾಮೆರಾವನ್ನಲ್ಲ, ಆ ವರ್ಷಗಳನ್ನು.

ಹಕ್ಕಿಯ ತರುವಾಯ ನಾನು ಹೋದದ್ದು ಬೀಸು ಕಂಸಾಳೆಯ ಬಳಿಗೆ. ಮಾದಪ್ಪನ ಗುಡ್ಡರು ಕುಣಿಯುತ್ತ ಕಂಚಿನ ತಾಳವನ್ನು ಬೀಸುವುದನ್ನು ನೋಡಿದವರಿಗೆ ಅದರ ರಭಸ ಗೊತ್ತು. ಮೊದಲು ನಾನು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ವೇಗವಿಟ್ಟು ತೆಗೆದೆ. ತಾಳ ಗಾಳಿಯಲ್ಲಿ ತೂಗುಹಾಕಿದ ತಟ್ಟೆಯಂತೆ ನಿಂತುಬಿಟ್ಟಿತು. ಚಿತ್ರ ಸ್ಪಷ್ಟ, ಕುಣಿತ ಸತ್ತುಹೋಗಿತ್ತು. ವೇಗವನ್ನು ಅರುವತ್ತರಲ್ಲೊಂದಕ್ಕೆ ಇಳಿಸಿದೆ. ಆಗ ತಾಳ ಹೊಂಬಣ್ಣದ ಕಮಾನನ್ನೆಳೆಯಿತು. ಆದರೆ ಕುಣಿಯುವವನ ಮುಖವೂ ಕಲಸಿಹೋಯಿತು. ಎರಡೂ ಒಟ್ಟಿಗೆ ದಕ್ಕಬೇಕಾದರೆ ಮೈ ಒಂದು ಗಳಿಗೆ ನಿಂತು ಕೈ ಮಾತ್ರ ಬೀಸುವ ಕ್ಷಣ ಬೇಕು. ಅಂಥ ಕ್ಷಣ ಲಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಪದದ ಲಯ ಮೈಗೂಡುವವರೆಗೆ ನಾನು ಕ್ಯಾಮೆರಾವನ್ನು ಚೀಲದಲ್ಲಿಟ್ಟು ಸುಮ್ಮನೆ ಕೇಳುತ್ತ ಕುಳಿತೆ. ಆಮೇಲೆ ತೆಗೆದ ಚಿತ್ರಗಳಲ್ಲಿ ಎರಡು ಇಂದಿಗೂ ನನ್ನನ್ನು ನಾಚಿಸುವುದಿಲ್ಲ.

ಇಷ್ಟಾದ ಮೇಲೆ ಮತ್ತೆ ಬಂಡೀಪುರಕ್ಕೆ ಹೋದೆ. ಸಫಾರಿಯ ಜೀಪಿನಿಂದ ತುಸು ದೂರದಲ್ಲಿ ಮರಿಯೊಡನೆ ಒಂದು ತಾಯಾನೆ ನಿಂತಿತ್ತು. ಬೀಸುತ್ತಿದ್ದ ಕಿವಿಗಳು ಒಮ್ಮೆಲೇ ನಿಂತು ಅಗಲವಾದವು; ತಲೆ ಮೇಲೆದ್ದಿತು; ಸೊಂಡಿಲು ನಮ್ಮ ಕಡೆಯ ಗಾಳಿಯನ್ನು ಮೂಸಿತು. ಜೊತೆಯಲ್ಲಿದ್ದ ಗೆಳೆಯರು, “ಇನ್ನೊಂದು ಚೂರು ಮುಂದೆ ಹೋಗೋಣ, ಅದು ನುಗ್ಗಿ ಬಂದರೆ ಎಂಥ ಚಿತ್ರ!” ಎಂದರು. ಮುಂದೆ ಬರಲಿದ್ದ ಚಿತ್ರ ನನಗೂ ಗೊತ್ತಿತ್ತು. ಹಾಗೆ ಗೊತ್ತಾಗಲೆಂದೇ ಅಲ್ಲವೇ ಇಷ್ಟು ಕಾಲ ಅಭ್ಯಾಸ ಮಾಡಿದ್ದು? ಆದರೆ ಆ ಚಿತ್ರಕ್ಕೆ ಬೆಲೆ ತೆರಬೇಕಾದವಳು ಆ ತಾಯಿ. ಅವಳ ಭಯವೇ ನಮ್ಮ ಚಿತ್ರವಾಗುತ್ತಿತ್ತು. ನಾನು ಕ್ಯಾಮೆರಾವನ್ನು ಕೆಳಗಿಳಿಸಿ, ಜೀಪನ್ನು ಹಿಂದಕ್ಕೆ ತೆಗೆಯುವಂತೆ ಚಾಲಕರನ್ನು ಕೇಳಿಕೊಂಡೆ.

ಗೆಳೆಯರಿಗೆ ಬೇಸರವಾಯಿತು. ಸ್ವಲ್ಪ ಹೊತ್ತಿಗೆ ಕಿವಿಗಳು ಮತ್ತೆ ಬೀಸತೊಡಗಿದವು. ಮರಿ ತಾಯಿಯ ಕಾಲುಗಳ ನಡುವಿನಿಂದ ಇಣುಕಿತು. ಅದು ಇಣುಕುವುದೆಂದು ನನಗೆ ಹೊಳೆದಿರಲಿಲ್ಲ. ಆ ಚಿತ್ರವೂ ತಪ್ಪಿತು. ಮರುದಿನ ಬೆಳಿಗ್ಗೆ ನೋಟ್‌ಬುಕ್ಕು ಹಿಡಿದು ಮತ್ತೆ ಕಾಜಾಣದ ತಂತಿಯ ಕೆಳಗೆ ಹೋಗಿ ಕುಳಿತೆ.