ನದಿ ಜಾಲಾಡಿದವರು

ಕೆನಡಾದ ವಿನಿಪೆಗ್ ನಗರದಲ್ಲಿ ಹರಿಯುವ ರೆಡ್ ನದಿಯದು ಕೆಸರು ನೀರು. 2014ರ ಆಗಸ್ಟ್‌ನಲ್ಲಿ ಪೊಲೀಸರು ಅಲ್ಲಿ ಬೇರೊಬ್ಬರಿಗಾಗಿ ಹುಡುಕುತ್ತಿದ್ದಾಗ 15 ವರ್ಷದ ಹುಡುಗಿಯೊಬ್ಬಳ ಶವ ಸಿಕ್ಕಿತು. ಮೂಲನಿವಾಸಿ ಸಮುದಾಯದ ಹುಡುಗಿ. ಅವಳಿಗಾಗಿ ಯಾರೂ ನೀರಿಗಿಳಿದಿರಲಿಲ್ಲ.

ಅದೇ ಊರಿನ ಬರ್ನಡೆಟ್ ಸ್ಮಿತ್ ಅವರ ತಂಗಿ 2008ರಲ್ಲೇ ಕಾಣೆಯಾಗಿದ್ದರು. ಆ ಹುಡುಗಿಯ ಶವ ಸಿಕ್ಕ ಮೇಲೆ, ಈ ನದಿಯಲ್ಲಿ ಇನ್ನೆಷ್ಟು ಜನ ಇರಬಹುದು ಎಂಬ ಪ್ರಶ್ನೆ ಬರ್ನಡೆಟ್ ಅವರನ್ನು ಕಾಡಿತು. ಸುಳಿವಿಲ್ಲದೆ ಇಡೀ ನದಿ ಜಾಲಾಡಲಾಗದು ಎಂಬುದು ಪೊಲೀಸರ ನಿಲುವು. ಹಾಗಾದರೆ ನಾವೇ ಇಳಿಯುತ್ತೇವೆ ಎಂದು, ಕಾಣೆಯಾದವರ ಮನೆಯವರು ಕೂಡಿ ‘ಡ್ರ್ಯಾಗ್ ದ ರೆಡ್’ ಎಂಬ ತಂಡ ಕಟ್ಟಿದರು. ಸಣ್ಣ ದೋಣಿಗಳು, ಹಗ್ಗ, ಕಬ್ಬಿಣದ ಸಲಾಕೆಗೆ ಕಟ್ಟಿದ ಕೊಕ್ಕೆಗಳು, ಉಪಕರಣವೆಂದರೆ ಇಷ್ಟೇ. ಕೆಲವರು ದಡದುದ್ದಕ್ಕೂ ನಡೆದು ಪೊದೆ ಸರಿಸಿ ನೋಡಿದರು. ಸಿಕ್ಕ ಮೂಳೆಗಳು ಬಹುಪಾಲು ಪ್ರಾಣಿಗಳವು. ಆದರೂ ತಜ್ಞರಿಗೆ ತೋರಿಸದೆ ಎಸೆಯುತ್ತಿರಲಿಲ್ಲ. ಸ್ವಂತ ತಂಗಿಯ ಗುರುತು ಸಿಕ್ಕೀತೆಂಬ ಆಸೆಯಲ್ಲೂ ಭಯದಲ್ಲೂ ಕೊಕ್ಕೆ ಎಳೆಯುವ ಆ ಕೈಗಳನ್ನು ನೆನೆದರೆ ಎದೆ ಭಾರವಾಗುತ್ತದೆ.

ಈ ಪಾಡು ಬಂದದ್ದೇಕೆ? ಕಾಣೆಯಾದವರ ಫೋಟೊ ಪತ್ರಿಕೆಯಲ್ಲಿ ಬಂದರೆ ಕಂಡವರು ಫೋನ್ ಮಾಡುತ್ತಾರೆ, ಪೊಲೀಸರ ಮೇಲೆ ಒತ್ತಡ ಬೀಳುತ್ತದೆ. ಆದರೆ ಆ ಜಾಗವೇ ಎಲ್ಲರಿಗೂ ಸಿಗುವುದಿಲ್ಲ. ಕಾಣೆಯಾದ ಅಥವಾ ಕೊಲೆಯಾದ ಮೂವರು ಬಿಳಿಯ ಮಹಿಳೆಯರು, ಮೂವರು ಮೂಲನಿವಾಸಿ ಮಹಿಳೆಯರ ಬಗ್ಗೆ ಕೆನಡಾದ ಸ್ಥಳೀಯ ಪತ್ರಿಕೆಗಳು ಬರೆದದ್ದನ್ನು ಕ್ರಿಸ್ಟನ್ ಗಿಲ್‌ಕ್ರಿಸ್ಟ್ ಹೋಲಿಸಿ ನೋಡಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬಿಳಿಯರಿಗೆ ಸಿಕ್ಕ ಪ್ರಚಾರ ಮೂರೂವರೆ ಪಟ್ಟು ಹೆಚ್ಚು. ಅವರ ಕುರಿತ ಬರಹಗಳಲ್ಲಿ ಮನೆಯವರ ನೆನಪುಗಳಿದ್ದವು, ದೊಡ್ಡ ಚಿತ್ರಗಳಿದ್ದವು. ಮೂಲನಿವಾಸಿಗಳ ಪಾಲಿಗೆ ಒಣ ವರದಿ. ಇತ್ತ ಕೊಲೆಯಾದ, ಕಾಣೆಯಾದ ಮೂಲನಿವಾಸಿ ಮಹಿಳೆಯರು 1,181 ಎಂದು ಆ ದೇಶದ ಪೊಲೀಸರೇ 2014ರಲ್ಲಿ ಲೆಕ್ಕ ಕೊಟ್ಟರು.

ವಿನಿಪೆಗ್‌ನಲ್ಲೇ 2022ರಲ್ಲಿ ಮತ್ತೊಂದು ಪ್ರಕರಣ. ಕೊಲೆಯಾದ ಇಬ್ಬರು ಮೂಲನಿವಾಸಿ ಮಹಿಳೆಯರ ಅವಶೇಷ ಪ್ರೇರಿ ಗ್ರೀನ್ ಎಂಬ ಕಸದ ರಾಶಿಯಲ್ಲಿದೆ ಎಂದು ಪೊಲೀಸರೇ ನಂಬಿದ್ದರು. ಆದರೂ ಹುಡುಕುವುದು ಕಾರ್ಯಸಾಧ್ಯವಲ್ಲ ಎಂದರು. ಕೊಲೆಯಾದವರ ಮನೆಯವರು ಬೀದಿಗಿಳಿದರು. 2023ರ ಪ್ರಾಂತೀಯ ಚುನಾವಣೆಯಲ್ಲಿ ಅದೂ ದೊಡ್ಡ ವಿಷಯವಾಯಿತು. ಹುಡುಕುವುದಿಲ್ಲ ಎಂದಿದ್ದ ಪ್ರಾಂತ್ಯ ಸರ್ಕಾರ ಸೋತಿತು. ಮೂಲನಿವಾಸಿಯಾದ ವಾಬ್ ಕಿನ್ಯೂ ಪ್ರಾಂತ್ಯದ ಮುಖ್ಯಸ್ಥರಾದರು. ಕೊಕ್ಕೆ ಹಿಡಿದಿದ್ದ ಬರ್ನಡೆಟ್ ಸ್ಮಿತ್ ಸಚಿವೆಯಾದರು.

2024ರ ಡಿಸೆಂಬರ್‌ನಲ್ಲಿ ಕಸ ಬಗೆಯುವ ಕೆಲಸ ಶುರುವಾಯಿತು. ಮೂರು ತಿಂಗಳೊಳಗೆ ಅವಶೇಷ ಸಿಕ್ಕಿತು. 2025ರ ಮಾರ್ಚ್‌ನಲ್ಲಿ, ಅದು ಆ ಇಬ್ಬರದ್ದೇ ಎಂದು ಅವರ ಮನೆಯವರಿಗೆ ತಿಳಿಸಲಾಯಿತು.